ಗಿಡಮೂಲಿಕೆಗಳ ಒಳಗುಟ್ಟು ಬಿಡಿಸಿದ ಅಸೀಮಾ ಚಟರ್ಜಿ

ಆಟಿ ಅಮಾವಾಸ್ಯೆಯ ಬೆಳಿಗ್ಗೆ ಕುಡಿಯುವ ಪಾಲೆ ಮರದ ಕಷಾಯದ ಕಹಿಯನ್ನು ಕರಾವಳಿಯಿಂದ ಬಂದ ನಮ್ಮ ಸದಸ್ಯೆಯರು ಮರೆತಿರಲಾರರು. ಸಂಸ್ಕೃತದಲ್ಲಿ ಅದು ಸಪ್ತಪರ್ಣ. ಆ ಮರವೂ ಸೇರಿದಂತೆ ಕೆಲವು ಗಿಡಗಳಿಂದ ಮಲೇರಿಯಾಕ್ಕೆ ಔಷಧಿ ರೂಪಿಸಿದವರು ಕೋಲ್ಕತ್ತದ ಅಸೀಮಾ ಚಟರ್ಜಿ.

ಹುಟ್ಟಿದ್ದು 1917ರ ಸೆಪ್ಟೆಂಬರ್ 23ರಂದು. ತಂದೆ ವೈದ್ಯರು, ಗಿಡಮರಗಳ ಹುಚ್ಚಿದ್ದವರು. ಮಗಳಿಗೂ ಅದು ಅಂಟಿತು. 1940ರಲ್ಲಿ ಲೇಡಿ ಬ್ರೆಬೋರ್ನ್ ಕಾಲೇಜಿನಲ್ಲಿ ರಸಾಯನಶಾಸ್ತ್ರ ವಿಭಾಗ ಕಟ್ಟಿದರು. 1944ರಲ್ಲಿ ಕಲ್ಕತ್ತ ವಿಶ್ವವಿದ್ಯಾಲಯದ ಡಿ.ಎಸ್‌ಸಿ. ಪಡೆದರು. ಮರುವರ್ಷ ಮದುವೆ.

1947ರಲ್ಲಿ ಸಂಶೋಧನೆಗೆಂದು ಅಮೆರಿಕಕ್ಕೆ ಹೊರಟಾಗ ಜೊತೆಗೆ ಇನ್ನೂ ವರ್ಷ ತುಂಬದ ಮಗಳು, ಅವಳನ್ನು ನೋಡಿಕೊಳ್ಳಲು ಒಬ್ಬ ಆಯಾ. ಮಗು ಚಿಕ್ಕದೆಂದು ಆನ್‌ಸೈಟ್ ಅವಕಾಶ ಬಿಟ್ಟುಕೊಟ್ಟ ಗೆಳತಿಯರು ನನ್ನ ಟೀಮಿನಲ್ಲಿ ಇಂದಿಗೂ ಇದ್ದಾರೆ. ಹಾಗಾಗಿ ಈ ವಿಷಯ ಓದಿದಾಗ ಸ್ವಲ್ಪ ಹೊತ್ತು ಅಲ್ಲೇ ನಿಂತೆ. ವಿಸ್ಕಾನ್ಸಿನ್, ಕ್ಯಾಲ್‌ಟೆಕ್, ಆಮೇಲೆ ಜ್ಯೂರಿಕ್‌ನಲ್ಲಿ ನೊಬೆಲ್ ಪುರಸ್ಕೃತ ಪಾಲ್ ಕ್ಯಾರರ್ ಅವರ ಪ್ರಯೋಗಾಲಯ. 1950ರಲ್ಲಿ ಮರಳಿ ಊರಿಗೆ.

ಅವರ ಕೆಲಸ ಹೇಳಲು ಸುಲಭ, ಮಾಡಲು ಕಷ್ಟ. ತೊಗಟೆಯನ್ನೋ ಬೇರನ್ನೋ ಒಣಗಿಸಿ ಪುಡಿ ಮಾಡಿ ಆಲ್ಕೋಹಾಲ್‌ನಂಥ ದ್ರಾವಣದಲ್ಲಿ ಸಾರ ಇಳಿಸಬೇಕು. ಸಾರಕ್ಕೆ ಆಮ್ಲ ಬೆರೆಸಿದರೆ ಆಲ್ಕಲಾಯ್ಡ್‌ಗಳು ಲವಣವಾಗಿ ನೀರಿಗೆ ಬರುತ್ತವೆ, ಕ್ಷಾರ ಹಾಕಿದರೆ ಮತ್ತೆ ಬಿಡುಗಡೆಯಾಗುತ್ತವೆ. ಅವನ್ನು ಒಂದೊಂದಾಗಿ ಬೇರ್ಪಡಿಸಿ ಹರಳುಗಟ್ಟಿಸಬೇಕು. ಕಿಲೋಗಟ್ಟಲೆ ಪುಡಿಯಿಂದ ಕೊನೆಗೆ ಉಳಿಯುವುದು ಚಿಟಿಕೆಯಷ್ಟು. ಆ ಚಿಟಿಕೆಯಲ್ಲಿ ಅಣುಗಳ ಜೋಡಣೆ ಹೇಗಿದೆ ಎಂದು ಕಂಡುಹಿಡಿಯುವುದು ಇನ್ನೊಂದು ತಪಸ್ಸು. ಬೇಕಾದ ಉಪಕರಣ ಇಲ್ಲಿರಲಿಲ್ಲ. ಮಾದರಿಗಳನ್ನು ವಿದೇಶಕ್ಕೆ ಕಳಿಸಬೇಕಿತ್ತು, ಅದರ ಖರ್ಚನ್ನು ಎಷ್ಟೋ ಸಲ ಅವರೇ ಭರಿಸಿದರು. ಸರ್ಪಗಂಧಿಯ ಜಾತಿಯ ಗಿಡಗಳ ಮೇಲೆ ಅವರು ವರ್ಷಗಟ್ಟಲೆ ಹೀಗೆ ದುಡಿದರು.

ಒಂದು ಮಾತು ಸ್ಪಷ್ಟಪಡಿಸಬೇಕು. ನಿತ್ಯಪುಷ್ಪದಿಂದ ಕ್ಯಾನ್ಸರ್ ಔಷಧಿ ಕಂಡುಹಿಡಿದವರು ಇವರೇ ಎಂದು ವಾಟ್ಸಾಪ್‌ನಲ್ಲಿ ಬರುತ್ತಿರುತ್ತದೆ. ಆ ಗಿಡದ ಆಲ್ಕಲಾಯ್ಡ್‌ಗಳನ್ನು ಅವರು ಅಭ್ಯಾಸ ಮಾಡಿದ್ದು ನಿಜ. ಆದರೆ ವಿನ್‌ಬ್ಲಾಸ್ಟಿನ್ ಬೇರ್ಪಡಿಸಿದವರು ಕೆನಡಾದ ನೋಬಲ್ ಮತ್ತು ಬೀರ್. ಅಸೀಮಾ ಅವರಿಗೆ ಸಾಲದ ಕಿರೀಟ ಬೇಕಿಲ್ಲ. ಬಂಗಾಳಿಗಳು ಪಲ್ಯ ಮಾಡುವ ಶುಶ್ನಿ ಸೊಪ್ಪಿನಿಂದ ಅಪಸ್ಮಾರಕ್ಕೆ ಅವರು ರೂಪಿಸಿದ ‘ಆಯುಷ್-56’ ಇದೆಯಲ್ಲ!

1961ರಲ್ಲಿ ಭಟ್ನಾಗರ್ ಪ್ರಶಸ್ತಿ ಬಂತು, ಅದನ್ನು ಪಡೆದ ಮೊದಲ ಮಹಿಳೆ ಅವರು. 1967ರಲ್ಲಿ ತಂದೆಯನ್ನೂ ಗಂಡನನ್ನೂ ಕಳೆದುಕೊಂಡರು, ತಾವೂ ಹಾಸಿಗೆ ಹಿಡಿದರು. ಚೇತರಿಸಿಕೊಂಡು ಮತ್ತೆ ಪ್ರಯೋಗಾಲಯಕ್ಕೇ ಹೋದರು. 1975ರಲ್ಲಿ ಪದ್ಮಭೂಷಣ, ನಂತರ ರಾಜ್ಯಸಭೆ. ಭಾರತದ ಔಷಧಿ ಸಸ್ಯಗಳ ಬಗ್ಗೆ ಸಹೋದ್ಯೋಗಿಯೊಡನೆ ಆರು ಸಂಪುಟಗಳನ್ನೂ ಹೊರತಂದರು.

2006ರ ನವೆಂಬರ್ 22ರಂದು ತೀರಿಕೊಂಡರು. ಕೈಗೂಸಾಗಿ ಅಮ್ಮನೊಡನೆ ಅಮೆರಿಕಕ್ಕೆ ಹೋಗಿದ್ದ ಆ ಮಗಳು ಆರಿಸಿಕೊಂಡದ್ದೂ ರಸಾಯನಶಾಸ್ತ್ರವನ್ನೇ.