ಹತ್ತಿಯ ಹೊಲದಿಂದ ಆಗಸಕ್ಕೆ: ಬೆಸ್ಸಿ ಕೋಲ್ಮನ್

ಮಗಳು ವಿಮಾನ ಚಾಲಕಿಯಾಗಬೇಕೆಂದು ಹೇಳಿದಾಗ ಮನೆಯಲ್ಲಿ ಮೊದಲು ಮೂಡುವುದು ನಗು, ಬಳಿಕ ಖರ್ಚಿನ ಲೆಕ್ಕ, ಕೊನೆಗೆ ಭಯ. ಕುಟುಂಬಗಳ ಭೇಟಿಗೆಂದು ಹೋದಾಗ ಈ ಮೂರನ್ನೂ ನಾವು ಒಂದೇ ಜಗಲಿಯಲ್ಲಿ ಕಂಡದ್ದುಂಟು. ತಂದೆ ಹಣದ ಮಾತನ್ನಾಡುತ್ತಾರೆ, ತಾಯಿ ಅಪಾಯದ ಮಾತನ್ನಾಡುತ್ತಾರೆ, ಅಜ್ಜಿ ಮದುವೆಯ ಮಾತೆತ್ತುತ್ತಾರೆ. ಹುಡುಗಿ ಮಾತ್ರ ಬಾಗಿಲಿಗೆ ಒರಗಿಕೊಂಡು ಮೌನವಾಗಿ ನಿಂತಿರುತ್ತಾಳೆ. ಅಂತಹ ಮನೆಯವರಿಗೆ ಉಪದೇಶಕ್ಕಿಂತ ಒಂದು ಬಾಳಿನ ಕಥೆಯೇ ಹೆಚ್ಚು ಉಪಕಾರಿಯಾದೀತೆಂದು ನಮ್ಮ ಭಾವನೆ. ಆದುದರಿಂದ ಈ ವಾರ, ನೂರು ವರ್ಷಗಳ ಹಿಂದೆ ವಿಮಾನ ಹಾರಿಸಲು ಕಲಿತ ಒಬ್ಬ ಬಡ ಹೆಣ್ಣುಮಗಳ ಜೀವನವನ್ನು ಓದುಗರ ಮುಂದಿಡುತ್ತಿದ್ದೇವೆ. ಆಕೆಯ ಹೆಸರು ಬೆಸ್ಸಿ ಕೋಲ್ಮನ್.

ಬೆಸ್ಸಿ ಹುಟ್ಟಿದ್ದು 1892ರ ಜನವರಿ 26ರಂದು, ಅಮೆರಿಕದ ಟೆಕ್ಸಸ್ ರಾಜ್ಯದ ಅಟ್ಲಾಂಟಾ ಎಂಬ ಸಣ್ಣ ಊರಿನಲ್ಲಿ. ಹದಿಮೂರು ಮಕ್ಕಳಲ್ಲಿ ಹತ್ತನೆಯವಳು. ತಾಯಿ ಸೂಸನ್ ಕಪ್ಪುವರ್ಣೀಯರು. ತಂದೆ ಜಾರ್ಜ್ ಅವರ ರಕ್ತದಲ್ಲಿ ಚೆರೊಕೀ ಎಂಬ ಮೂಲನಿವಾಸಿ ಜನಾಂಗದ ಪಾಲೂ ಇತ್ತು. ಗುಲಾಮಗಿರಿ ಕಾನೂನಿನಲ್ಲಿ ರದ್ದಾಗಿ ಕಾಲು ಶತಮಾನವೇ ಕಳೆದಿದ್ದರೂ ಟೆಕ್ಸಸ್‌ನಲ್ಲಿ ಕಪ್ಪುವರ್ಣೀಯರ ಶಾಲೆ ಬೇರೆ, ರೈಲಿನ ಡಬ್ಬಿ ಬೇರೆ, ಬದುಕೇ ಬೇರೆಯಾಗಿತ್ತು. ಈ ಅಪಮಾನದಿಂದ ಬೇಸತ್ತ ತಂದೆ 1901ರಲ್ಲಿ, ಮೂಲನಿವಾಸಿಗಳಿಗೆ ಒಂದಿಷ್ಟು ಹೆಚ್ಚಿನ ಹಕ್ಕುಗಳಿದ್ದ ಒಕ್ಲಹೋಮ ಪ್ರದೇಶಕ್ಕೆ ಹೊರಟುಹೋದರು. ಸೂಸನ್ ಹೋಗಲೊಪ್ಪಲಿಲ್ಲ. ವಾಕ್ಸಹ್ಯಾಚಿ ಎಂಬ ಊರಿನಲ್ಲಿ ಉಳಿದು, ಅನ್ಯರ ಮನೆಗೆಲಸ ಮಾಡಿ ಮಕ್ಕಳನ್ನು ಸಾಕಿದರು. ಒಂಬತ್ತರ ಬಾಲೆ ಬೆಸ್ಸಿ ಮನೆಯಲ್ಲಿ ತಂಗಿಯರಿಗೆ ಎರಡನೆಯ ತಾಯಿಯಾದಳು.

ಶಾಲೆಗೆ ನಾಲ್ಕು ಮೈಲಿ ನಡಿಗೆ. ಒಂದೇ ಕೋಣೆಯ ಆ ಶಾಲೆ ಹತ್ತಿ ಬಿಡಿಸುವ ಕಾಲ ಬಂದರೆ ಮುಚ್ಚಿಬಿಡುತ್ತಿತ್ತು. ಆಗ ಮಕ್ಕಳೆಲ್ಲ ಹೊಲಕ್ಕಿಳಿಯಬೇಕಿತ್ತು. ಬೆಸ್ಸಿ ಗಣಿತದಲ್ಲಿ ಜಾಣೆ. ಭಕ್ತೆಯಾದ ತಾಯಿ ಮನೆಯಲ್ಲಿ ಓದಿಗೆ ಕೊಟ್ಟ ಬೆಲೆ ಅಪಾರ. ದೀಪದ ಬೆಳಕಿನಲ್ಲಿ ಮನೆಮಂದಿಗೆಲ್ಲ ಬೈಬಲನ್ನು ಓದಿಹೇಳುವ ಕೆಲಸ ಬೆಸ್ಸಿಯದಾಗಿತ್ತು. ಇತರರ ಬಟ್ಟೆ ಒಗೆದು ಕೂಡಿಟ್ಟ ಹಣದಿಂದ 1910ರಲ್ಲಿ ಒಕ್ಲಹೋಮದ ಲ್ಯಾಂಗ್‌ಸ್ಟನ್‌ನಲ್ಲಿದ್ದ ಕಪ್ಪುವರ್ಣೀಯರ ಕಾಲೇಜನ್ನು ಸೇರಿದಳು. ಒಂದು ಅವಧಿ ಮುಗಿಯುವಷ್ಟರಲ್ಲಿ ಹಣವೂ ಮುಗಿಯಿತು. ಹಿಂದಿರುಗಿ ಬಂದು ಮತ್ತೆ ಬಟ್ಟೆ ಒಗೆಯಲು ಕುಳಿತಳು. ನಮ್ಮಲ್ಲಿ ಎಷ್ಟೋ ಮನೆಗಳ ಕಥೆ ಇಲ್ಲಿಯೇ ನಿಂತುಹೋಗುತ್ತದೆ.

ಬೆಸ್ಸಿಯ ಕಥೆ ನಿಲ್ಲಲಿಲ್ಲ. 1915ರಲ್ಲಿ, ತನ್ನ 23ನೆಯ ವಯಸ್ಸಿನಲ್ಲಿ, ಅಣ್ಣಂದಿರು ನೆಲೆಸಿದ್ದ ಶಿಕಾಗೊ ನಗರಕ್ಕೆ ಹೋಗಿ ಒಂದು ಕ್ಷೌರದಂಗಡಿಯಲ್ಲಿ ಗ್ರಾಹಕರ ಉಗುರುಗಳನ್ನು ಒಪ್ಪಗೊಳಿಸುವ ಕೆಲಸ ಹಿಡಿದರು. ಮೊದಲನೆಯ ಮಹಾಯುದ್ಧ ಮುಗಿದು, ಫ್ರಾನ್ಸ್‌ನಲ್ಲಿ ಸೈನಿಕರಾಗಿದ್ದ ಅಣ್ಣಂದಿರು ಮರಳಿದರು. ಆ ದೇಶದ ಹೆಂಗಸರು ವಿಮಾನವನ್ನೇ ಹಾರಿಸುತ್ತಾರೆ, ನಿಮ್ಮಿಂದ ಅದು ಆಗುವುದುಂಟೇ ಎಂದು ಅಣ್ಣ ಜಾನ್ ತಂಗಿಯನ್ನು ಕೆಣಕಿದನೆಂದು ಆಕೆಯ ಚರಿತ್ರೆಕಾರರು ಬರೆದಿದ್ದಾರೆ. ಕೆಣಕಿದ ಮಾತು ಸಂಕಲ್ಪವಾಯಿತು. ಆದರೆ ಬೆಸ್ಸಿ ಕೇಳಿಕೊಂಡ ಒಂದು ಅಮೆರಿಕನ್ ಶಾಲೆಯೂ ಆಕೆಯನ್ನು ಸೇರಿಸಿಕೊಳ್ಳಲಿಲ್ಲ. ಹೆಣ್ಣೆಂಬುದು ಒಂದು ಕಾರಣ, ಚರ್ಮದ ಬಣ್ಣ ಇನ್ನೊಂದು.

ಆಗ ದಾರಿ ತೋರಿದವರು ‘ಶಿಕಾಗೊ ಡಿಫೆಂಡರ್’ ಪತ್ರಿಕೆಯ ಪ್ರಕಾಶಕರಾದ ರಾಬರ್ಟ್ ಅಬಟ್. ಇಲ್ಲಿ ಬಾಗಿಲು ತೆರೆಯದಿದ್ದರೆ ಫ್ರಾನ್ಸಿಗೆ ಹೋಗಿ ಕಲಿಯುವುದೇ ಲೇಸೆಂಬುದು ಅವರ ಸಲಹೆ. ಬೆಸ್ಸಿ ಮೊದಲು ಫ್ರೆಂಚ್ ಭಾಷೆಯ ತರಗತಿಗೆ ಸೇರಿದರು, ಹಣ ಕೂಡಿಸಿದರು. ಅಬಟ್ ಹಾಗೂ ಜೆಸ್ಸಿ ಬಿಂಗಾ ಎಂಬ ಬ್ಯಾಂಕರ್ ನೆರವು ನೀಡಿದರು. 1920ರ ನವೆಂಬರಿನಲ್ಲಿ ಹಡಗು ಹತ್ತಿದರು. ಹಾರಲು ಕಲಿಯುವ ಮುನ್ನ ಒಂದು ಭಾಷೆಯನ್ನು ಕಲಿತು ಒಂದು ಸಾಗರವನ್ನು ದಾಟಬೇಕಾಯಿತು.

ಉತ್ತರ ಫ್ರಾನ್ಸಿನ ಕಡಲತೀರದ ಲ ಕ್ರೊತ್ವಾ ಎಂಬ ಊರಿನಲ್ಲಿ ಕೋದ್ರೋನ್ ಸಹೋದರರ ವಿಮಾನ ಶಾಲೆಯಿತ್ತು. ಅಲ್ಲಿ ಏಳು ತಿಂಗಳ ತರಬೇತಿ. ಇಂದಿನ ವಿಮಾನದ ಸುಭದ್ರ ಕೋಣೆಯನ್ನು ನಾವು ಮನಸ್ಸಿನಿಂದ ತೆಗೆದುಹಾಕಬೇಕು. ಮರದ ಚೌಕಟ್ಟಿಗೆ ಬಟ್ಟೆ ಹೊದಿಸಿ ಬಿಗಿದ ಎರಡು ಅಂತಸ್ತಿನ ರೆಕ್ಕೆಗಳು, ತಲೆಯ ಮೇಲೆ ಬಯಲು, ಮುಖಕ್ಕೆ ಗಾಳಿ, ಎಂಜಿನ್ನಿನ ಎಣ್ಣೆಯ ಹನಿ. ಚಾಲಕನ ಮುಂದೆ ಒಂದು ಹಿಡಿಕೋಲು. ಅದನ್ನು ಮುಂದಕ್ಕೆ ಒತ್ತಿದರೆ ವಿಮಾನದ ಮೂತಿ ಬಾಗುತ್ತದೆ, ಹಿಂದಕ್ಕೆಳೆದರೆ ಏಳುತ್ತದೆ, ಪಕ್ಕಕ್ಕೆ ಸರಿಸಿದರೆ ರೆಕ್ಕೆ ವಾಲುತ್ತದೆ. ಕಾಲಡಿಯ ಅಡ್ಡಪಟ್ಟಿ ಬಾಲದ ಚುಕ್ಕಾಣಿಯನ್ನು ತಿರುಗಿಸುತ್ತದೆ. ಕೈಗೂ ಕಾಲಿಗೂ ಹೊಂದಾಣಿಕೆ ತಪ್ಪಿದರೆ, ವೇಗ ಕುಂದಿದರೆ, ರೆಕ್ಕೆಗಳು ಗಾಳಿಯ ಆಧಾರ ಕಳೆದುಕೊಂಡು ವಿಮಾನ ಬುಗುರಿಯಂತೆ ಸುತ್ತುತ್ತಾ ನೆಲಕ್ಕಿಳಿಯುತ್ತದೆ. ತನ್ನೊಡನೆ ಕಲಿಯುತ್ತಿದ್ದವರಲ್ಲಿ ಒಬ್ಬರು ಅಪಘಾತದಲ್ಲಿ ಸತ್ತದ್ದನ್ನು ಬೆಸ್ಸಿ ಕಂಡರು. ಆದರೂ ಕಲಿಕೆ ಬಿಡಲಿಲ್ಲ.

ಧೈರ್ಯವೆಂದರೇನೆಂದು ನಾವು ಗುರುಮಠದಲ್ಲಿ ಓದುತ್ತಿದ್ದಾಗ ಸಂತ ತೋಮಸ್ ಅಕ್ವಿನಾಸರ ವಿಚಾರವೊಂದು ನಮ್ಮನ್ನು ಅಚ್ಚರಿಗೊಳಿಸಿತ್ತು. ಮುನ್ನುಗ್ಗುವುದಕ್ಕಿಂತಲೂ ತಾಳಿಕೊಂಡು ನಿಲ್ಲುವುದೇ ಧೈರ್ಯದ ಪ್ರಧಾನ ಕ್ರಿಯೆಯೆಂದು ಆ ದಾರ್ಶನಿಕರು ಪ್ರತಿಪಾದಿಸುತ್ತಾರೆ. ತಾರುಣ್ಯದಲ್ಲಿ ಇದು ನಮಗೆ ಒಪ್ಪಿಗೆಯಾಗಿರಲಿಲ್ಲ. ಬೆಸ್ಸಿಯ ಬಾಳನ್ನು ಓದಿದ ಮೇಲೆ ಒಪ್ಪಿದ್ದೇವೆ. ಆಕಾಶದಲ್ಲಿ ಲಾಗ ಹಾಕುವುದಕ್ಕೆ ಬೇಕಾದ ಧೈರ್ಯ ಕೆಲವು ನಿಮಿಷಗಳದು. ಐದು ವರ್ಷ ಅಪರಿಚಿತರ ಉಗುರು ತಿದ್ದುತ್ತಾ, ನಗುವವರ ನಡುವೆ ಒಂದು ಆಸೆಯನ್ನು ಕೆಡದಂತೆ ಕಾಪಾಡಿಕೊಳ್ಳುವ ಧೈರ್ಯ ಅದಕ್ಕಿಂತ ದೊಡ್ಡದು.

1921ರ ಜೂನ್ 15ರಂದು ಬೆಸ್ಸಿಗೆ ಅಂತರರಾಷ್ಟ್ರೀಯ ವಿಮಾನಯಾನ ಒಕ್ಕೂಟದ ಪರವಾನಗಿ ದೊರೆಯಿತು. ಆಫ್ರಿಕನ್ ಅಮೆರಿಕನ್ ಮಹಿಳೆಯರಲ್ಲಿ ಈ ಪರವಾನಗಿ ಪಡೆದವರಲ್ಲಿ ಆಕೆಯೇ ಮೊದಲಿಗರು. ಲೋಕಪ್ರಸಿದ್ಧರಾದ ಅಮೀಲಿಯಾ ಇಯರ್‌ಹಾರ್ಟ್ ಅವರಿಗೆ ಅದೇ ಪರವಾನಗಿ ದೊರೆತದ್ದು 1923ರಲ್ಲಿ.

ಪರವಾನಗಿ ಬಂದಿತು, ಉದ್ಯೋಗ ಬರಲಿಲ್ಲ. ಆ ಕಾಲದಲ್ಲಿ ಪ್ರಯಾಣಿಕರನ್ನು ಸಾಗಿಸುವ ವಿಮಾನ ಸಂಸ್ಥೆಗಳು ಅಮೆರಿಕದಲ್ಲಿ ಇನ್ನೂ ಬೆಳೆದಿರಲಿಲ್ಲ. ಮಹಿಳೆಗೆ, ಅದರಲ್ಲೂ ಕಪ್ಪುವರ್ಣೀಯ ಮಹಿಳೆಗೆ ಉಳಿದ ಒಂದೇ ದಾರಿ ಸಾಹಸ ಪ್ರದರ್ಶನ. ಯುದ್ಧ ಮುಗಿದ ಬಳಿಕ ಅಗ್ಗಕ್ಕೆ ಮಾರಾಟವಾದ ಹಳೆಯ ತರಬೇತಿ ವಿಮಾನಗಳಲ್ಲಿ ಜಾತ್ರೆ ಮೈದಾನಗಳ ಮೇಲೆ ಲಾಗ ಹಾಕಿ ಜನರಿಂದ ಹಣ ಸಂಗ್ರಹಿಸುವುದು. ಅದಕ್ಕೆ ಬೇಕಾದ ಹೆಚ್ಚಿನ ವಿದ್ಯೆಯನ್ನೂ ಸ್ವದೇಶದಲ್ಲಿ ಯಾರೂ ಕಲಿಸದ ಕಾರಣ 1922ರಲ್ಲಿ ಬೆಸ್ಸಿ ಮತ್ತೆ ಯೂರೋಪಿಗೆ ಹೋಗಿ ಫ್ರಾನ್ಸ್, ಹಾಲೆಂಡ್ ಹಾಗೂ ಜರ್ಮನಿಗಳನ್ನು ಸುತ್ತಿ ಬಂದರು. ಅದೇ ವರ್ಷದ ಸೆಪ್ಟೆಂಬರ್ 3ರಂದು ನ್ಯೂಯಾರ್ಕಿನ ಬಳಿಯ ಕರ್ಟಿಸ್ ಮೈದಾನದಲ್ಲಿ, ಮಹಾಯುದ್ಧದಲ್ಲಿ ಹೋರಾಡಿದ ಕಪ್ಪುವರ್ಣೀಯ ಸೈನಿಕರ ಗೌರವಾರ್ಥ ನಡೆದ ಸಮಾರಂಭದಲ್ಲಿ, ಅಮೆರಿಕದ ನೆಲದ ಮೇಲೆ ತಮ್ಮ ಮೊದಲ ಪ್ರದರ್ಶನ ನೀಡಿದರು.

ಪ್ರದರ್ಶನ ಆಕೆಯ ಗುರಿಯಾಗಿರಲಿಲ್ಲ; ಗುರಿಗೆ ಹಣ ಒದಗಿಸುವ ಸಾಧನ ಮಾತ್ರವಾಗಿತ್ತು. ತನ್ನಂತೆ ಯಾರೂ ಸಾಗರ ದಾಟಬೇಕಾಗದಂತೆ, ಕಪ್ಪುವರ್ಣೀಯರಿಗೆ ಸ್ವದೇಶದಲ್ಲೇ ಒಂದು ವಿಮಾನ ಶಾಲೆ ತೆರೆಯಬೇಕೆಂಬುದು ಆಕೆಯ ಹಂಬಲ. 1923ರ ಫೆಬ್ರವರಿಯಲ್ಲಿ ಕ್ಯಾಲಿಫೋರ್ನಿಯದಲ್ಲಿ, ಆಗತಾನೆ ಕೊಂಡಿದ್ದ ಹಳೆಯ ವಿಮಾನ ಮೇಲೇರಿದ ಸ್ವಲ್ಪದರಲ್ಲೇ ಎಂಜಿನ್ ನಿಂತು ನೆಲಕ್ಕಪ್ಪಳಿಸಿತು. ಕಾಲೂ ಪಕ್ಕೆಲುಬುಗಳೂ ಮುರಿದವು, ವಿಮಾನ ನುಚ್ಚುನೂರಾಯಿತು, ಕೂಡಿಟ್ಟದ್ದೆಲ್ಲ ಹೋಯಿತು. ಆಕೆ ಮತ್ತೆ ಮೊದಲಿನಿಂದ ಆರಂಭಿಸಿದರು. 1925ರ ಜೂನ್ 19ರಂದು, ಟೆಕ್ಸಸ್‌ನ ಗುಲಾಮರಿಗೆ ಬಿಡುಗಡೆಯ ಸುದ್ದಿ ಮುಟ್ಟಿದ ದಿನದ ವಾರ್ಷಿಕೋತ್ಸವದಂದು, ಹ್ಯೂಸ್ಟನ್ ನಗರದ ಮೇಲೆ ಹಾರಿದರು.

ಹಣದ ಅಗತ್ಯ ಎಷ್ಟಿದ್ದರೂ ಬೆಸ್ಸಿ ಮಾನವನ್ನು ಮಾರಲಿಲ್ಲ. ಒಂದು ಚಲನಚಿತ್ರದಲ್ಲಿ ಮುಖ್ಯ ಪಾತ್ರ ಒದಗಿಬಂದಿತ್ತು. ಆದರೆ ಮೊದಲ ದೃಶ್ಯದಲ್ಲೇ ಹರಕು ಬಟ್ಟೆ ತೊಟ್ಟು, ಬೆನ್ನಿಗೆ ಗಂಟು ಹೊತ್ತು, ಹಳ್ಳಿಯಿಂದ ಬಂದ ಅಜ್ಞಾನಿಯಂತೆ ಕಾಣಿಸಿಕೊಳ್ಳಬೇಕೆಂದಾಗ ಆಕೆ ಹೊರನಡೆದರು. ತನ್ನ ಜನಾಂಗವನ್ನು ಕುರಿತ ಹೀನ ಚಿತ್ರಕ್ಕೆ ತಾನೇ ಮುಖವಾಗಲೊಪ್ಪಲಿಲ್ಲ. ಇದರಿಂದ ಕೆಲವು ಬೆಂಬಲಿಗರು ದೂರವಾದರು.

ಇನ್ನೊಂದು ಪ್ರಸಂಗ ಬಾಲ್ಯದ ಊರಾದ ವಾಕ್ಸಹ್ಯಾಚಿಯದು. ಅಲ್ಲಿ ಪ್ರದರ್ಶನಕ್ಕೆ ಬರುವ ಬಿಳಿಯರಿಗೊಂದು ಬಾಗಿಲು, ಕಪ್ಪುವರ್ಣೀಯರಿಗೊಂದು ಬಾಗಿಲು ಎಂದು ವ್ಯವಸ್ಥಾಪಕರು ಗೊತ್ತುಮಾಡಿದ್ದರು. ಎಲ್ಲರಿಗೂ ಒಂದೇ ಬಾಗಿಲು ಇರದಿದ್ದರೆ ತಾನು ಹಾರುವುದಿಲ್ಲವೆಂದು ಬೆಸ್ಸಿ ಹಟ ಹಿಡಿದರು. ವ್ಯವಸ್ಥಾಪಕರು ಮಣಿದರು. ಒಳಗೆ ಮಾತ್ರ ಆಸನಗಳು ಬೇರೆಬೇರೆಯಾಗಿಯೇ ಉಳಿದವು. ಗೆಲುವು ಅರ್ಧದ್ದೇ ಹೌದು. ಆದರೆ ಅರ್ಧ ಗೆಲುವನ್ನು ಹೀಗಳೆಯುವವರು ಇಡೀ ಗೆಲುವನ್ನು ತಂದುಕೊಟ್ಟ ಉದಾಹರಣೆ ವಿರಳ. ಒಂದು ಮಧ್ಯಾಹ್ನವಾದರೂ ಆ ಊರಿನ ಜನ ಒಂದೇ ಬಾಗಿಲಿನಿಂದ ಒಳಹೊಕ್ಕು ಒಂದೇ ಆಕಾಶದತ್ತ ತಲೆಯೆತ್ತಿದರು.

ಶಾಲೆಯ ನಿಧಿಗಾಗಿ ಬೆಸ್ಸಿ ಊರೂರು ತಿರುಗಿ ಉಪನ್ಯಾಸ ನೀಡಿದರು. ಫ್ಲೋರಿಡಾದಲ್ಲಿ ಒಂದು ಸೌಂದರ್ಯ ಮಳಿಗೆಯನ್ನೂ ತೆರೆದರು. 1926ರ ಮೇ 1ರಂದು ಫ್ಲೋರಿಡಾದ ಜ್ಯಾಕ್ಸನ್‌ವಿಲ್‌ನಲ್ಲಿ ಪ್ರದರ್ಶನ ನಿಗದಿಯಾಗಿತ್ತು. ವಿಲಿಯಂ ವಿಲ್ಸ್ ಎಂಬ ಯುವ ಯಂತ್ರಜ್ಞ ಡಲ್ಲಾಸ್‌ನಿಂದ ತಂದ ವಿಮಾನ ತೀರ ಹಳೆಯದು. ಬರುವ ದಾರಿಯಲ್ಲೇ ಕೆಟ್ಟು ಪದೇಪದೇ ಇಳಿಸಬೇಕಾಗಿತ್ತು. ಏಪ್ರಿಲ್ 30ರ ಬೆಳಿಗ್ಗೆ ಮೈದಾನವನ್ನು ಮೇಲಿನಿಂದ ಪರಿಶೀಲಿಸಲೆಂದು ಇಬ್ಬರೂ ಹೊರಟರು. ವಿಲ್ಸ್ ಚಾಲಕನ ಸ್ಥಾನದಲ್ಲಿದ್ದರು. ಮರುದಿನ ಪ್ಯಾರಾಚೂಟಿನಿಂದ ಜಿಗಿಯಬೇಕಾದ ಸ್ಥಳವನ್ನು ಬಾಗಿ ನೋಡಲು ಅನುಕೂಲವಾಗಲೆಂದು ಬೆಸ್ಸಿ ಸೊಂಟದ ಪಟ್ಟಿಯನ್ನು ಕಟ್ಟಿಕೊಂಡಿರಲಿಲ್ಲ. ವಿಮಾನ ಹಠಾತ್ತನೆ ಮುಗ್ಗರಿಸಿ ಸುತ್ತಿತು. ಬೆಸ್ಸಿ ಹೊರಗೆಸೆಯಲ್ಪಟ್ಟು ಸುಮಾರು 2,000 ಅಡಿ ಎತ್ತರದಿಂದ ಬಿದ್ದು ಮೃತರಾದರು. ವಿಲ್ಸ್ ವಿಮಾನದೊಡನೆಯೇ ಬಿದ್ದು ಮಡಿದರು. ದುರಸ್ತಿಗೆಂದು ಬಳಸಿದ ಒಂದು ಪಾನಾ ಚಾಲನಾ ಯಂತ್ರದೊಳಗೆ ಸಿಕ್ಕಿಕೊಂಡದ್ದೇ ಕಾರಣವೆಂದು ಬಳಿಕ ತಿಳಿದುಬಂದಿತು. ಬೆಸ್ಸಿಗೆ ಆಗ 34 ವರ್ಷ.

ಈ ಮರಣವನ್ನು ಕೇವಲ ವಿಧಿಯೆಂದು ಹೇಳಿ ಮುಂದೆ ಸಾಗುವುದು ಸರಿಯಲ್ಲ. ಒಳ್ಳೆಯ ವಿಮಾನ ಕೊಳ್ಳಲು ಹಣವಿರಲಿಲ್ಲ, ಆದ್ದರಿಂದ ಕೆಟ್ಟ ವಿಮಾನ. ಬಡವರ ಧೈರ್ಯಕ್ಕೆ ಲೋಕ ವಿಧಿಸುವ ತೆರಿಗೆ ಇದು. ಹಾಗೆಂದು ಸೊಂಟಪಟ್ಟಿಯ ಮಾತನ್ನು ಮರೆಮಾಚುವುದೂ ತರವಲ್ಲ. ಧೈರ್ಯದ ಕೈಯನ್ನು ವಿವೇಕ ಹಿಡಿದಿರಬೇಕು. ಒಂದು ಕ್ಷಣ ಬಿಟ್ಟರೂ ಆಕಾಶ ಕ್ಷಮಿಸುವುದಿಲ್ಲ.

ಶಿಕಾಗೊದ ಅಂತ್ಯಸಂಸ್ಕಾರಕ್ಕೆ ಸುಮಾರು ಹತ್ತು ಸಾವಿರ ಮಂದಿ ನೆರೆದರು. ಬೆಸ್ಸಿ ಕನಸು ಕಂಡ ಶಾಲೆಯ ಒಂದು ಇಟ್ಟಿಗೆಯೂ ಆಗ ಎದ್ದಿರಲಿಲ್ಲ. ಬಾಳು ವ್ಯರ್ಥವಾಯಿತೆಂದು ಅಂದು ಯಾರಾದರೂ ಭಾವಿಸಿದ್ದರೆ ತಪ್ಪು ಹೇಳುವಂತಿರಲಿಲ್ಲ. ಆದರೆ 1929ರಲ್ಲಿ ವಿಲಿಯಂ ಪೊವೆಲ್ ಎಂಬವರು ಲಾಸ್ ಏಂಜಲೀಸ್‌ನಲ್ಲಿ ಬೆಸ್ಸಿ ಕೋಲ್ಮನ್ ಹೆಸರಿನ ವಿಮಾನ ಸಂಘವನ್ನು ಸ್ಥಾಪಿಸಿ ಕಪ್ಪುವರ್ಣೀಯರಿಗೆ ಹಾರಾಟ ಕಲಿಸತೊಡಗಿದರು. 1931ರಿಂದ ಶಿಕಾಗೊದ ಕಪ್ಪುವರ್ಣೀಯ ವೈಮಾನಿಕರು ಆಕೆಯ ಸಮಾಧಿಯ ಮೇಲೆ ಹಾರಿ ಗೌರವ ಸಲ್ಲಿಸುವ ಸಂಪ್ರದಾಯವನ್ನು ಆರಂಭಿಸಿದರು. ಬೆಸ್ಸಿಯನ್ನು ಯಾವ ಶಾಲೆಯೂ ಸೇರಿಸಿಕೊಳ್ಳದ ಅದೇ ಶಿಕಾಗೊದಲ್ಲಿ ವಿಲ್ಲಾ ಬ್ರೌನ್ ಎಂಬ ಕಪ್ಪುವರ್ಣೀಯ ಮಹಿಳೆ 1938ರಲ್ಲಿ ಸ್ವದೇಶದಲ್ಲೇ ಪರವಾನಗಿ ಪಡೆದು, ಮುಂದೆ ಸ್ವತಃ ಶಿಕ್ಷಕಿಯಾದರು. 1992ರಲ್ಲಿ ಅಂತರಿಕ್ಷಕ್ಕೇರಿದ ಮೊದಲ ಆಫ್ರಿಕನ್ ಅಮೆರಿಕನ್ ಮಹಿಳೆ ಮೇ ಜೆಮಿಸನ್ ಬೆಸ್ಸಿಯ ಭಾವಚಿತ್ರವನ್ನು ಜತೆಯಲ್ಲಿ ಒಯ್ದರು. 1995ರಲ್ಲಿ ಅಮೆರಿಕದ ಅಂಚೆ ಚೀಟಿಯ ಮೇಲೆ, 2023ರಲ್ಲಿ ಕಾಲು ಡಾಲರಿನ ನಾಣ್ಯದ ಮೇಲೆ ಆಕೆಯ ರೂಪ ಮೂಡಿತು.

ಪ್ರಿಯ ಓದುಗರೇ, ಮೊದಲು ಹೇಳಿದ ಆ ಜಗಲಿಗೆ ಮರಳೋಣ. ಹಾರಾಟ ಇಂದಿಗೂ ದುಬಾರಿ ವಿದ್ಯೆ, ತಪ್ಪಿಗೆ ಎಡೆಗೊಡದ ವಿದ್ಯೆ. ತಂದೆತಾಯಿಗಳ ಲೆಕ್ಕವೂ ಭಯವೂ ಹುರುಳಿಲ್ಲದವಲ್ಲ. ಅವನ್ನು ಮಕ್ಕಳ ಮುಂದೆ ಬಿಚ್ಚಿಡುವುದು ಹಿರಿಯರ ಕರ್ತವ್ಯ. ಆದರೆ ಮೊದಲು ಮೂಡಿದ ಆ ನಗುವನ್ನು ಮಾತ್ರ ನಾವು ಒಳಗೇ ತಡೆದುಕೊಳ್ಳಬೇಕು. ಬೆಸ್ಸಿಗೆ ಬಾಗಿಲು ಮುಚ್ಚಿದವರು ಹೊರಗಿನವರು. ಮನೆಯೊಳಗೆ ಬಟ್ಟೆ ಒಗೆದ ಹಣವನ್ನು ಓದಿಗೆ ಕಳುಹಿಸಿದ ತಾಯಿಯೊಬ್ಬಳಿದ್ದಳು. ಹೊರಗಿನ ಬಾಗಿಲು ತೆರೆಯುವುದು ನಮ್ಮ ಕೈಯಲ್ಲಿ ಇಲ್ಲದಿರಬಹುದು. ಮನೆಯ ಬಾಗಿಲು ನಮ್ಮದೇ. ಅದಕ್ಕೆ ಒರಗಿಕೊಂಡು ನಿಂತಿರುವ ಹುಡುಗಿಯನ್ನು ಒಳಗೆ ಕರೆದು, ಪಕ್ಕದಲ್ಲಿ ಕೂಡಿಸಿಕೊಂಡು, ಅವಳ ಮಾತನ್ನು ಕೊನೆಯವರೆಗೆ ಕೇಳೋಣ.