ಶಂಭುಲಿಂಗನ ಬೆಟ್ಟದ ಶಿವಯೋಗಿ: ನಿಜಗುಣರ ಬರಹ ಮತ್ತು ಅಂಗಸಾಧನೆ

ಕಾವೇರಿಯೂ ಸುವರ್ಣಾವತಿಯೂ ಹರಿಯುವ ಕೊಳ್ಳೇಗಾಲ, ಹನೂರು, ಯಳಂದೂರು ಸೀಮೆ ಶರಣಧರ್ಮದ ಇತಿಹಾಸದಲ್ಲಿ ಬಹು ದೊಡ್ಡ ಹೆಸರು. ಏಳುಮಲೆಯ ಒಡೆಯ ಮಹದೇಶ್ವರರ ನೆಲೆ ಇಲ್ಲಿದೆ. ಹದಿಬದೆಯ ಧರ್ಮವನ್ನು ಬರೆದ ಸಂಚಿ ಹೊನ್ನಮ್ಮನ ಊರು ಯಳಂದೂರು. ಇವೆಲ್ಲದರ ನಡುವೆ ಕೊಳ್ಳೇಗಾಲ ತಾಲ್ಲೂಕಿನ ಚಿಲಕವಾಡಿಯ ಶಂಭುಲಿಂಗನ ಬೆಟ್ಟ ಎತ್ತರದಲ್ಲಿ ಸಣ್ಣದಾದರೂ ಮಹಿಮೆಯಲ್ಲಿ ಸಣ್ಣದಲ್ಲ. ಶ್ರೀ ನಿಜಗುಣ ಶಿವಯೋಗಿಗಳು ತಪಸ್ಸು ಮಾಡಿದ ತಾಣವದು. ಅವರು ತಮ್ಮ ಕೃತಿಗಳಲ್ಲಿ ಇಟ್ಟುಕೊಂಡ ಅಂಕಿತವೂ ಆ ಬೆಟ್ಟದ ದೈವವಾದ ಶಂಭುಲಿಂಗನದೇ.

ಶಿವಯೋಗಿಗಳ ತತ್ತ್ವವನ್ನು ಕುರಿತು ಪ್ರವಚನಗಳು ಬೇಕಾದಷ್ಟು ನಡೆದಿವೆ, ಗ್ರಂಥಗಳೂ ಬಂದಿವೆ. ಈ ಬರಹದ ಗಮನ ಅಷ್ಟಾಗಿ ಚರ್ಚೆಗೆ ಬಾರದ ಒಂದು ಸಂಗತಿಯ ಮೇಲಿದೆ. ಜೀವಮಾನದಲ್ಲಿ ಏಳು ಕೃತಿಗಳನ್ನು ರಚಿಸಿದ, ಅವುಗಳಲ್ಲಿ ಒಂದನ್ನು ವಿಶ್ವಕೋಶದಷ್ಟು ವಿಸ್ತಾರಕ್ಕೆ ಬೆಳೆಸಿದ ಈ ಮಹನೀಯರು ದೇಹವನ್ನು ಹೇಗೆ ಕಂಡರು, ಬರೆಯುವವನ ಬಾಳಿನಲ್ಲಿ ಶರೀರಸಾಧನೆಗೆ ಯಾವ ಸ್ಥಾನ ಕೊಟ್ಟರು ಎಂಬುದೇ ಆ ಸಂಗತಿ.

ನಿಜಗುಣರು ಸುಮಾರು 1500ರ ಆಸುಪಾಸಿನಲ್ಲಿ ಇದ್ದವರೆಂದು ವಿದ್ವಾಂಸರು ಸಾಮಾನ್ಯವಾಗಿ ಒಪ್ಪುತ್ತಾರೆ. ಕೊಳ್ಳೇಗಾಲ ಸೀಮೆಯ ಒಂದು ಭಾಗವನ್ನು ಅವರು ಒಡೆಯರಾಗಿ ಆಳುತ್ತಿದ್ದರೆಂದೂ, ವೈರಾಗ್ಯ ಮೂಡಿದಾಗ ಅಧಿಕಾರವನ್ನು ತೊರೆದು ಬೆಟ್ಟವನ್ನೇರಿದರೆಂದೂ ಪರಂಪರೆ ಹೇಳುತ್ತದೆ. ಆ ಕಾಲದ ಪಾಳೆಯಗಾರನೆಂದರೆ ಕುದುರೆಯೇರಬೇಕು, ಕತ್ತಿ ಹಿಡಿಯಬೇಕು, ಗಡಿಯ ಕಾಡುಗಳಲ್ಲಿ ತಿರುಗಬೇಕು. ಪರಂಪರೆಯ ಮಾತನ್ನು ನಂಬುವುದಾದರೆ ನಿಜಗುಣರು ಬೆಟ್ಟಕ್ಕೆ ಬಂದದ್ದು ಮೆತ್ತಗಿನ ಮೈಯಿಂದಲ್ಲ, ಪಳಗಿದ ಮೈಯಿಂದ. ರಾಜ್ಯವನ್ನು ಬಿಟ್ಟವರು ಆ ಪಳಗಿಕೆಯನ್ನು ಬಿಡಲಿಲ್ಲ, ಅದರ ದಿಕ್ಕನ್ನು ಮಾತ್ರ ಬದಲಿಸಿದರು ಎಂದು ಅವರ ಗ್ರಂಥಗಳನ್ನು ನೋಡಿದಾಗ ಅನ್ನಿಸುತ್ತದೆ.

ಇಂದು ಬರವಣಿಗೆಯೆಂದರೆ ಕಾಗದದ ಮೇಲೆ ಲೇಖನಿ ಓಡಿಸುವುದು, ಇಲ್ಲವೇ ಗಣಕಯಂತ್ರದ ಕೀಲಿಮಣೆ ಒತ್ತುವುದು. ಶಿವಯೋಗಿಗಳ ಕಾಲದಲ್ಲಿ ಅದು ನಿಜವಾಗಿಯೂ ಮೈಮುರಿಯುವ ಕೆಲಸವಾಗಿತ್ತು. ತಾಳೆಯ ಗರಿಗಳನ್ನು ಹದಮಾಡಿ, ಒಣಗಿಸಿ, ಒಂದೇ ಅಳತೆಗೆ ಕತ್ತರಿಸಿಕೊಳ್ಳಬೇಕು. ಕಿರಿದಾದ ಆ ಗರಿಯನ್ನು ಎಡಗೈಯಲ್ಲಿ ಹಿಡಿದು, ಬಲಗೈಯ ಕಬ್ಬಿಣದ ಕಂಠದಿಂದ ಒಂದೊಂದೇ ಅಕ್ಷರವನ್ನು ಕೊರೆಯಬೇಕು. ಒತ್ತಡ ಹೆಚ್ಚಾದರೆ ಗರಿ ಹರಿಯುತ್ತದೆ, ಕಡಿಮೆಯಾದರೆ ಅಕ್ಷರ ಮೂಡುವುದಿಲ್ಲ. ಕೊರೆದ ಮೇಲೆ ಮಸಿಯನ್ನು ತೀಡಿದಾಗಲೇ ಬರಹ ಕಣ್ಣಿಗೆ ಕಾಣುವುದು. ಅಲ್ಲಿಯವರೆಗೆ ಬರೆಯುವವನು ಬಣ್ಣವಿಲ್ಲದ ಗೀರುಗಳನ್ನೇ ದಿಟ್ಟಿಸುತ್ತಿರಬೇಕು. ಇದನ್ನೆಲ್ಲ ನೆಲದ ಮೇಲೆ ಕುಳಿತು, ಹಗಲಿನ ಬೆಳಕಿನಲ್ಲಿ, ಗಂಟೆಗಟ್ಟಲೆ ಮಾಡಬೇಕು. ಬೆನ್ನು, ಕತ್ತು, ಕಣ್ಣು, ಹೆಬ್ಬೆರಳು ಈ ನಾಲ್ಕೂ ಗಟ್ಟಿಯಾಗಿಲ್ಲದವನು ಆ ಕಾಲದಲ್ಲಿ ಗ್ರಂಥಕರ್ತನಾಗುವುದು ಕಷ್ಟವಿತ್ತು. ಓಲೆಯ ಪ್ರತಿಗಳ ಕೊನೆಯಲ್ಲಿ ಲಿಪಿಕಾರರು ತಮ್ಮ ಬಾಗಿದ ಬೆನ್ನನ್ನೂ ಬಳಲಿದ ಕಣ್ಣನ್ನೂ ನೆನೆದು, ಪುಸ್ತಕವನ್ನು ಜೋಪಾನ ಮಾಡಿರೆಂದು ಬೇಡಿಕೊಳ್ಳುವ ವಾಡಿಕೆ ನಮ್ಮ ದೇಶದಲ್ಲೆಲ್ಲ ಇತ್ತು. ಅದನ್ನು ಬರಿಯ ವಿನಯದ ಮಾತೆಂದು ತಿಳಿಯಬಾರದು.

ಈ ಶ್ರಮದ ಅರಿವಿನೊಡನೆ ನಿಜಗುಣರ ಕೃತಿಗಳನ್ನು ಎಣಿಸಿದರೆ ವಿಸ್ಮಯವಾಗುತ್ತದೆ. ಕೈವಲ್ಯ ಪದ್ಧತಿ, ತ್ರಿಪದಿಯಲ್ಲಿರುವ ಅನುಭವಸಾರ, ಪರಮಾನುಭವಬೋಧೆ, ಪರಮಾರ್ಥಗೀತೆ, ಪರಮಾರ್ಥ ಪ್ರಕಾಶಿಕೆ, ಅರವತ್ತುಮೂವರು ಪುರಾತನರನ್ನು ಕುರಿತ ಸ್ತುತಿ, ಮತ್ತು ವಿವೇಕ ಚಿಂತಾಮಣಿ. ಕೊನೆಯದು ಕನ್ನಡ ಗದ್ಯದಲ್ಲಿರುವ ಬೃಹತ್ ಕೋಶ. ವೇದ, ದರ್ಶನ, ಶೈವಾಗಮ, ಕಾವ್ಯಶಾಸ್ತ್ರ, ಸಂಗೀತ, ನೃತ್ಯ, ಆಯುರ್ವೇದ, ಯೋಗ ಹೀಗೆ ಅಂದಿನ ವಿದ್ಯೆಯ ಬಹುಭಾಗವನ್ನು ಅವರು ವಿಂಗಡಿಸಿ ಹೆಸರಿಸಿದ್ದಾರೆ. ಇದರಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಮುಕ್ತಿಯನ್ನೇ ಗುರಿಯಾಗಿಸಿಕೊಂಡ ವಿರಕ್ತರು ಶರೀರಶಾಸ್ತ್ರವನ್ನೂ ವೈದ್ಯವನ್ನೂ ಹೊರಗಿಡಲಿಲ್ಲ. ದೇಹವು ನಶ್ವರವೆಂದು ಬೋಧಿಸುವವರೇ ಆ ದೇಹದ ಧಾತುಗಳನ್ನೂ ದೋಷಗಳನ್ನೂ ಸಾವಧಾನವಾಗಿ ಎಣಿಸಿದರು. ತಿಳಿಯದೆ ಬಿಡುವುದು ವೈರಾಗ್ಯವಲ್ಲ, ತಿಳಿದು ಬಿಡುವುದೇ ವೈರಾಗ್ಯ ಎಂಬ ನಿಲುವು ವಿವೇಕವೆಂಬ ಆ ಹೆಸರಿನಲ್ಲಿಯೇ ಇದೆ.

ಪರಮಾರ್ಥ ಪ್ರಕಾಶಿಕೆಯ ವಿಷಯವನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಇದು ಚೆನ್ನಸದಾಶಿವಯೋಗಿಗಳು ಸಂಸ್ಕೃತದಲ್ಲಿ ರಚಿಸಿದ ಶಿವಯೋಗ ಪ್ರದೀಪಿಕೆಗೆ ನಿಜಗುಣರು ಬರೆದ ಕನ್ನಡ ವ್ಯಾಖ್ಯಾನ. ಮಂತ್ರ, ಲಯ, ಹಠ, ರಾಜ ಎಂಬ ನಾಲ್ಕು ಯೋಗಗಳನ್ನು ನಿರೂಪಿಸುವ ಮೂಲಗ್ರಂಥವು ರಾಜಯೋಗವನ್ನು ಶಿವಯೋಗದೊಡನೆ ಒಂದಾಗಿಸುತ್ತದೆ. ಯಮ, ನಿಯಮ, ಆಸನ, ಪ್ರಾಣಾಯಾಮ ಮೊದಲಾದ ಎಂಟು ಅಂಗಗಳನ್ನು ಅದು ಬರಿಯ ಶರೀರದ ಕಸರತ್ತಾಗಿ ಕಾಣದೆ ಶಿವಪೂಜೆಯ ಅಂಗಗಳಾಗಿಯೇ ಕಾಣುತ್ತದೆ. ಸಂಸ್ಕೃತ ಬಲ್ಲ ಕೆಲವರ ಕೈಯಲ್ಲಿದ್ದ ಈ ವಿದ್ಯೆಯನ್ನು ನಿಜಗುಣರು ಕನ್ನಡ ಬಲ್ಲವರೆಲ್ಲರ ಕೈಗಿತ್ತರು. ಅನ್ಯರ ಗ್ರಂಥವೊಂದಕ್ಕೆ ಟೀಕೆ ಬರೆಯಬೇಕೆಂದು ಕುಳಿತಾಗ ಅವರು ಆರಿಸಿಕೊಂಡದ್ದು ಯೋಗಗ್ರಂಥವನ್ನು. ದೇಹವನ್ನು ಹದಗೊಳಿಸುವ ಸಾಧನೆಗೆ ಅವರು ಕೊಟ್ಟ ಬೆಲೆಗೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷಿ ಬೇಡ.

ಆಸನವೆಂದರೆ ಸ್ಥಿರವಾಗಿ, ಸುಖವಾಗಿ ಕೂರುವುದು. ಬರೆಯುವವನಿಗೂ ಬೇಕಾದುದು ಅದೇ ಅಲ್ಲವೇ? ಬೆನ್ನುಮೂಳೆ ನೆಟ್ಟಗಿದ್ದರೆ ಉಸಿರು ಸರಾಗವಾಗಿರುತ್ತದೆ, ಉಸಿರು ಸರಾಗವಾಗಿದ್ದರೆ ಮನಸ್ಸು ಒಂದೆಡೆ ನಿಲ್ಲುತ್ತದೆ, ಮನಸ್ಸು ನಿಂತರೆ ಮಾತು ತೂಕವಾಗಿ ಬರುತ್ತದೆ. ನಮ್ಮ ಇಷ್ಟಲಿಂಗಪೂಜೆಯ ಕ್ರಮವನ್ನೇ ನೋಡಬಹುದು. ಪದ್ಮಾಸನದಲ್ಲೋ ಸುಖಾಸನದಲ್ಲೋ ಕುಳಿತು, ಎಡ ಅಂಗೈಯಲ್ಲಿ ಲಿಂಗವನ್ನು ಎದೆಯ ಮುಂದೆ ಎತ್ತಿಹಿಡಿದು, ಕತ್ತು ಬಾಗದಂತೆ, ರೆಪ್ಪೆ ಅಲುಗದಂತೆ ದಿಟ್ಟಿಸುವುದು. ತೋಳು ನಡುಗದೆ ಹತ್ತು ನಿಮಿಷ ಹಾಗೆ ಕುಳಿತವರಿಗೆ ಅದು ಮೈಗೂ ಎಂತಹ ಶಿಸ್ತೆಂಬುದು ತಿಳಿದಿದೆ. ಪ್ರತಿದಿನವೂ ಈ ಶಿಸ್ತನ್ನು ಪಾಲಿಸುವ ಶಿವಯೋಗಿಗೆ ಓಲೆಗರಿಯನ್ನು ಕೈಯಲ್ಲಿ ಹಿಡಿದು ಕುಳಿತುಕೊಳ್ಳುವುದು ಹೊಸ ಕಷ್ಟವಾಗಿ ಕಂಡಿರಲಾರದು. ಲಿಂಗ ಹಿಡಿಯುವ ಎಡಗೈಯೇ ಗರಿಯನ್ನೂ ಹಿಡಿಯುತ್ತದೆ.

ಇನ್ನು ಆಹಾರ. ನಿಜಗುಣರಿಗೆ ಸಮೀಪದ ಕಾಲದಲ್ಲಿ ರೂಪುಗೊಂಡ ಹಠಯೋಗದ ಗ್ರಂಥಗಳು ಮಿತಾಹಾರವನ್ನು ಬಹಳ ಒತ್ತಿಹೇಳುತ್ತವೆ. ಹೊಟ್ಟೆಯ ಕಾಲುಭಾಗವನ್ನು ಬರಿದಾಗಿ ಬಿಟ್ಟು, ಉಳಿದುದನ್ನು ಶಿವನ ಪ್ರೀತಿಗಾಗಿ ಉಣ್ಣುವುದೇ ಮಿತಾಹಾರವೆಂದು ಸ್ವಾತ್ಮಾರಾಮರ ಹಠಯೋಗ ಪ್ರದೀಪಿಕೆ ವಿವರಿಸುತ್ತದೆ. ಯೋಗವನ್ನು ಕೆಡಿಸುವ ಸಂಗತಿಗಳನ್ನು ಎಣಿಸುವಾಗ ಅದು ಅತಿಯಾದ ಊಟದ ಜೊತೆಗೆ ಅತಿಯಾದ ಆಯಾಸವನ್ನೂ ಅತಿಯಾದ ಮಾತನ್ನೂ ಸೇರಿಸುತ್ತದೆ. ಆಯುರ್ವೇದವೂ ಇದೇ ದಾರಿಯದು. ವ್ಯಾಯಾಮವನ್ನು ಮೈಯಲ್ಲಿರುವ ಶಕ್ತಿಯ ಅರ್ಧದಷ್ಟು ಮಾತ್ರ ಮಾಡಬೇಕು, ಅದಕ್ಕಿಂತ ಮಿಗಿಲಾದರೆ ರೋಗಕ್ಕೆ ದಾರಿ ಎಂದು ಪ್ರಾಚೀನ ವೈದ್ಯರು ಹೇಳಿದರು. ಲಿಂಗಕ್ಕೆ ಅರ್ಪಿಸಿದ ಪ್ರಸಾದವನ್ನಲ್ಲದೆ ಬೇರೇನನ್ನೂ ಸ್ವೀಕರಿಸದ ಶರಣರಿಗೆ ಈ ಮಿತಿ ಹೊರಗಿನಿಂದ ಬಂದ ಪಥ್ಯವಲ್ಲ. ಪ್ರಸಾದವೆಂದು ಕೈಗೆತ್ತಿಕೊಂಡದ್ದನ್ನು ಕೆಡಿಸುವಂತಿಲ್ಲ, ಆದ್ದರಿಂದ ಬೇಕಾದಷ್ಟನ್ನೇ ಬಡಿಸಿಕೊಳ್ಳಬೇಕು. ದಾಸೋಹದ ಪಂಕ್ತಿಯಲ್ಲಿ ಕುಳಿತವರಿಗೆಲ್ಲ ಈ ನಿಯಮ ಗೊತ್ತು, ಪಾಲಿಸುವವರು ಎಷ್ಟು ಮಂದಿ ಎಂಬುದು ಬೇರೆಯ ಮಾತು.

ಬೆಟ್ಟದ ವಾಸ ತಾನೇ ಒಂದು ವ್ಯಾಯಾಮಶಾಲೆ. ಕಲ್ಲುಗುಡ್ಡದ ಮೇಲೆ ನೆಲೆಸಿದವನಿಗೆ ನೀರಾಗಲಿ, ಭಿಕ್ಷೆಯಾಗಲಿ, ಸೌದೆಯಾಗಲಿ ಏರಿಳಿಯದೆ ಒದಗುವುದಿಲ್ಲ. ಈ ಸೀಮೆಯ ಭಕ್ತಿಯ ಸ್ವಭಾವವೇ ಹಾಗೆ. ಹನೂರಿನ ಕಾಡುದಾರಿಯಲ್ಲಿ ಮಹದೇಶ್ವರನ ಬೆಟ್ಟಕ್ಕೆ ಶಿವರಾತ್ರಿ, ದೀಪಾವಳಿಗಳಲ್ಲಿ ಕಾಲ್ನಡಿಗೆಯಿಂದ ಹೋಗುವವರ ಸಾಲು ಇಂದಿಗೂ ಕಡಿದಿಲ್ಲ. ಕಂಸಾಳೆಯ ಗುಡ್ಡರು ಹಾಡುತ್ತ ಕುಣಿಯುವಾಗ ಭಕ್ತಿ ಎಲ್ಲಿ ಮುಗಿದು ಅಂಗಸಾಧನೆ ಎಲ್ಲಿ ಮೊದಲಾಯಿತೆಂದು ಬೇರ್ಪಡಿಸಲಾಗದು. ನಡೆಯದೆ ದೇವರನ್ನು ಕಾಣಲಾಗದ ಇಂತಹ ನೆಲದಲ್ಲಿ ಕನ್ನಡದ ಬಹುದೊಡ್ಡ ಶಾಸ್ತ್ರಕಾರರೊಬ್ಬರು ಬೆಟ್ಟವನ್ನು ತಮ್ಮ ಬರವಣಿಗೆಯ ಮನೆಯಾಗಿ ಆರಿಸಿಕೊಂಡದ್ದು ಸಹಜವೇ ಆಗಿದೆ.

ಕೈವಲ್ಯ ಪದ್ಧತಿಯಲ್ಲಿ ಇದೇ ವಿಚಾರ ರಚನೆಯ ರೂಪದಲ್ಲಿ ಕಾಣುತ್ತದೆ. ರಾಗಗಳಿಗೆ ಹೊಂದಿಸಿದ ಆ ಹಾಡುಗಳನ್ನು ಸ್ಥಲಗಳಾಗಿ ವಿಂಗಡಿಸಲಾಗಿದೆ. ಶಿವನ ಕಾರುಣ್ಯವನ್ನು ಪ್ರಾರ್ಥಿಸುವುದು ಮೊದಲು, ಜೀವನನ್ನು ಎಚ್ಚರಿಸುವುದು ಅನಂತರ, ಆಮೇಲೆ ನೀತಿ ಮತ್ತು ಕ್ರಿಯಾಚರಣೆ, ಅದರ ಮೇಲೆ ಯೋಗ, ಎಲ್ಲಕ್ಕೂ ಕಡೆಯಲ್ಲಿ ಜ್ಞಾನ. ಈ ಅನುಕ್ರಮ ನಮ್ಮಲ್ಲಿ ಹಲವರಿಗೆ ಕೊಂಚ ಇರುಸುಮುರುಸು ತರಬೇಕು. ಓದು ಬರಹ ಬಲ್ಲವರು ನೇರವಾಗಿ ಜ್ಞಾನಸ್ಥಲದ ಹಾಡುಗಳಿಗೇ ಹಾರುತ್ತಾರೆ. ಅಲ್ಲಿನ ಗಹನವಾದ ಮಾತುಗಳು ವ್ಯಾಖ್ಯಾನಕ್ಕೆ ಒದಗುತ್ತವೆ, ಸಭೆಯಲ್ಲಿ ಗೌರವವನ್ನೂ ತರುತ್ತವೆ. ನಿಜಗುಣರು ಮಾತ್ರ ನಡತೆಯನ್ನೂ ಮೈಯುಸಿರುಗಳ ಸಾಧನೆಯನ್ನೂ ದಾಟಿ ಬಾರದವನಿಗೆ ಜ್ಞಾನದ ಬಾಗಿಲನ್ನು ಮುಂದಿಡಲಿಲ್ಲ.

ಮಠಮಾನ್ಯಗಳ ವಲಯದಲ್ಲಿಯೂ, ಸಾಹಿತಿಗಳ ವಲಯದಲ್ಲಿಯೂ ದೇಹದ ಚಿಂತೆಯನ್ನು ಕೀಳಾಗಿ ಕಾಣುವ ರೂಢಿಯೊಂದು ಬೆಳೆದಿದೆ. ಹಗಲಿರುಳು ಕುಳಿತು ಓದಿ ಬರೆದು, ಹೊತ್ತಲ್ಲದ ಹೊತ್ತಿನಲ್ಲಿ ಉಂಡು, ನಡುವಯಸ್ಸಿನಲ್ಲಿಯೇ ಸಕ್ಕರೆ ಕಾಯಿಲೆ, ರಕ್ತದೊತ್ತಡ, ಬೆನ್ನುನೋವುಗಳನ್ನು ತಂದುಕೊಂಡು, ಅದನ್ನೇ ತ್ಯಾಗವೆಂದು ಹೊಗಳಿಸಿಕೊಳ್ಳುವವರಿದ್ದಾರೆ. ಇದಕ್ಕೆ ಎದುರಾಗಿ ಯೋಗವನ್ನು ಮೈಕಟ್ಟಿನ ಪ್ರದರ್ಶನವಾಗಿ ಮಾಡಿಕೊಂಡವರೂ ಇದ್ದಾರೆ. ನಿಜಗುಣರ ಕೃತಿಗಳು ಈ ಇಬ್ಬರಿಗೂ ಒಪ್ಪಿಗೆ ಕೊಡುವುದಿಲ್ಲ. ದೇಹವೇ ದೇಗುಲವೆಂದು ಶರಣರು ಕಂಡರು. ದೇಗುಲವನ್ನು ಪಾಳುಗೆಡವುವುದು ಭಕ್ತಿಯಲ್ಲ, ಒಳಗಿನ ದೇವರನ್ನು ಮರೆತು ಗೋಡೆಗೆ ಸುಣ್ಣ ಬಳಿಯುತ್ತ ಕೂರುವುದೂ ಭಕ್ತಿಯಲ್ಲ.

ಹಾಡಿನ ವಿಷಯವೊಂದು ಉಳಿದಿದೆ. ಶಿವಯೋಗಿಗಳು ತಮ್ಮ ಅನುಭಾವವನ್ನು ಓದುವ ಪದ್ಯವಾಗಿ ಮಾತ್ರ ಬಿಡದೆ ಹಾಡುವ ಪದವಾಗಿಯೂ ಕೊಟ್ಟರು. ದೀರ್ಘವಾದ ಸಾಲನ್ನು ಒಂದೇ ಉಸಿರಿನಲ್ಲಿ ಹಿಡಿದು ಹಾಡುವವನು ಅರಿವಿಲ್ಲದೆಯೇ ಪ್ರಾಣದ ಮೇಲೆ ಹಿಡಿತ ಸಾಧಿಸುತ್ತಾನೆ. ಆ ಹಾಡಿನ ಹಾದಿಯನ್ನು ಅನೇಕರು ಹಿಡಿದರು. ಸುಬೋಧಸಾರದ ಮುಪ್ಪಿನ ಷಡಕ್ಷರಿಗಳು, ಚಿದಾನಂದಾವಧೂತರು, 19ನೆಯ ಶತಮಾನದ ಪೂರ್ವಾರ್ಧದಲ್ಲಿ ಬೆಂಗಳೂರಿನ ಸರ್ಪಭೂಷಣ ಶಿವಯೋಗಿಗಳು ಸೇರಿ ಕೈವಲ್ಯ ಸಾಹಿತ್ಯವೆಂಬ ಒಂದು ಪರಂಪರೆಯೇ ಬೆಳೆಯಿತು.

ವಿವೇಕ ಚಿಂತಾಮಣಿಯು 1604ರಲ್ಲಿ ಮರಾಠಿಗೂ 1652ರಲ್ಲಿ ಸಂಸ್ಕೃತಕ್ಕೂ ಅನುವಾದಗೊಂಡಿತು. ಸಂಸ್ಕೃತದಿಂದ ಕನ್ನಡಕ್ಕೆ ಬರುವುದೇ ವಾಡಿಕೆಯಾಗಿದ್ದ ಕಾಲದಲ್ಲಿ ಕನ್ನಡದ ಶಾಸ್ತ್ರಗ್ರಂಥವೊಂದು ಎದುರು ದಿಕ್ಕಿನಲ್ಲಿ ನಡೆದದ್ದು ಸಾಮಾನ್ಯವಲ್ಲ. ಮುಂದೆ ಹುಬ್ಬಳ್ಳಿಯ ಶ್ರೀ ಸಿದ್ಧಾರೂಢರ ಮಠದಲ್ಲಿ ನಿಜಗುಣರ ಶಾಸ್ತ್ರ ನಿತ್ಯ ಶ್ರವಣದ ವಿಷಯವಾಯಿತು. ಕಾವೇರಿಯ ತೀರದ ಬೆಟ್ಟದಲ್ಲಿ ಹುಟ್ಟಿದ ಪದಗಳು ಇಂದು ಕೃಷ್ಣಾ, ಮಲಪ್ರಭೆಗಳ ಕಡೆಯ ಹಳ್ಳಿಗಳಲ್ಲಿ, ಹಗಲೆಲ್ಲ ಹೊಲದಲ್ಲಿ ದುಡಿದು ಬಂದವರ ಭಜನಾಮೇಳಗಳಲ್ಲಿ, ತಾಳ ದಮ್ಮಡಿಗಳ ಜೊತೆಗೆ ರಾತ್ರಿ ಬಹಳ ಹೊತ್ತಿನವರೆಗೆ ಕೇಳಿಬರುತ್ತವೆ.