ಪೇಟೆಗೆ ಗಣಿತ ಕಲಿಸಿದವನ ಪಾಡು

2020ರ ಏಪ್ರಿಲ್ 20ರಂದು ಅಮೆರಿಕದ ತೈಲ ಮಾರುಕಟ್ಟೆಯಲ್ಲಿ ಅದುವರೆಗೆ ಕಂಡರಿಯದ ಘಟನೆಯೊಂದು ನಡೆಯಿತು. ಕೊರೊನಾ ಹಾವಳಿಯಿಂದ ತೈಲವನ್ನು ಕೇಳುವವರಿಲ್ಲದೆ, ತುಂಬಿಡಲು ಜಾಗವೂ ಸಾಲದೆ, ಮೇ ತಿಂಗಳ ವಾಯಿದೆ ಬೆಲೆ ಪೀಪಾಯಿಗೆ ಸೊನ್ನೆಗಿಂತ 37.63 ಡಾಲರ್ ಕೆಳಗಿಳಿಯಿತು. ಮಾರುವವನೇ ಕೊಳ್ಳುವವನಿಗೆ ಹಣ ಕೊಡಬೇಕಾದ ಸ್ಥಿತಿ. ಬೆಲೆ ಎಂದೂ ಸೊನ್ನೆಗಿಂತ ಕೆಳಗಿಳಿಯದು ಎಂಬ ನಂಬಿಕೆಯ ಮೇಲೆ ನಿಂತಿದ್ದ ಗಣಿತ ಸೂತ್ರಗಳು ಕೈಕೊಟ್ಟವು. ಆಗ ಷಿಕಾಗೊದ ವಿನಿಮಯ ಕೇಂದ್ರ ತೈಲದ ಆಪ್ಷನ್ ಕರಾರುಗಳಿಗೆ ಬೆಲೆ ಕಟ್ಟಲು ಮೊರೆಹೋದದ್ದು 120 ವರ್ಷ ಹಳೆಯದಾದ ಒಂದು ವಿಧಾನಕ್ಕೆ. ಅದಕ್ಕೆ ತಳಹದಿ ಹಾಕಿದವನು ಪ್ಯಾರಿಸ್‌ನಲ್ಲಿ ಓದುತ್ತಿದ್ದ ಒಬ್ಬ ತಬ್ಬಲಿ ವಿದ್ಯಾರ್ಥಿ. ಹೆಸರು ಲೂಯಿ ಬಾಶೆಲಿಯೆ.

ಹಣಕಾಸು ಲೋಕದಲ್ಲಿ ಇಂದು ಆ ಹೆಸರಿಗೆ ಪಿತಾಮಹನ ಸ್ಥಾನವಿದೆ. ಬದುಕಿದ್ದಾಗ ಮಾತ್ರ ಆತನಿಗೆ ಒಂದು ಕಾಯಂ ನೌಕರಿ ದಕ್ಕಲು 57 ವರ್ಷ ತುಂಬಬೇಕಾಯಿತು.

ಬಾಶೆಲಿಯೆ ಹುಟ್ಟಿದ್ದು 1870ರ ಮಾರ್ಚ್ 11ರಂದು, ಫ್ರಾನ್ಸಿನ ರೇವುಪಟ್ಟಣವಾದ ಲ ಹಾವ್ರ್‌ನಲ್ಲಿ. ತಂದೆ ದ್ರಾಕ್ಷಾರಸದ ವರ್ತಕ; ತಾಯಿ ಬ್ಯಾಂಕು ನಡೆಸುವವರ ಮನೆಯ ಮಗಳು. ಅನುಕೂಲಸ್ಥ ಕುಟುಂಬ. ಆದರೆ 1889ರಲ್ಲಿ ಕೆಲವೇ ತಿಂಗಳ ಅಂತರದಲ್ಲಿ ತಂದೆ ತಾಯಿ ಇಬ್ಬರೂ ತೀರಿಕೊಂಡರು. ಹತ್ತೊಂಬತ್ತರ ಹುಡುಗನ ಹೆಗಲಿಗೆ ಮನೆಯ ವ್ಯಾಪಾರ, ಅಕ್ಕ ಮತ್ತು ಪುಟ್ಟ ತಮ್ಮನ ಜವಾಬ್ದಾರಿ ಬಿದ್ದವು. ಓದು ನಿಂತಿತು. ನಂತರ ಕಡ್ಡಾಯ ಸೈನಿಕ ಸೇವೆ. ಅಂದಿನ ಫ್ರಾನ್ಸಿನಲ್ಲಿ ಗಣಿತಜ್ಞನಾಗುವವನು ಸಾಮಾನ್ಯವಾಗಿ ಹಾಯಬೇಕಿದ್ದ ಹೆಬ್ಬಾಗಿಲುಗಳು ಎರಡು: ಎಕೋಲ್ ನಾರ್ಮಾಲ್ ಮತ್ತು ಎಕೋಲ್ ಪಾಲಿಟೆಕ್ನಿಕ್. ಆ ಎರಡರ ಹೊಸ್ತಿಲನ್ನೂ ತುಳಿಯುವ ಯೋಗ ಆತನಿಗಿರಲಿಲ್ಲ. 1892ರಲ್ಲಿ ಪ್ಯಾರಿಸ್‌ಗೆ ಬಂದು ಸೊರ್ಬಾನ್ ಸೇರಿದಾಗ ಆತ ಸಹಪಾಠಿಗಳಿಗಿಂತ ವಯಸ್ಸಿನಲ್ಲಿ ಹಿರಿಯ, ಸಿದ್ಧತೆಯಲ್ಲಿ ಹಿಂದುಳಿದವ.

ಅಂದಿನ ಪ್ಯಾರಿಸ್ ಷೇರುಪೇಟೆಯ ಮುಖ್ಯ ಸರಕು ಸರ್ಕಾರದ ಸಾಲಪತ್ರಗಳು. 1871ರ ಸೋಲಿನ ನಂತರ ಜರ್ಮನಿಗೆ ತೆರಬೇಕಾದ 500 ಕೋಟಿ ಫ್ರಾಂಕ್ ದಂಡವನ್ನು ಫ್ರಾನ್ಸ್ ಇಂತಹ ಪತ್ರಗಳನ್ನು ಮಾರಿಯೇ ಹೊಂದಿಸಿತ್ತು. ಅವುಗಳ ಮೇಲೆ ವಾಯಿದೆ ವ್ಯಾಪಾರವೂ ಇತ್ತು, ಆಪ್ಷನ್ ಮಾದರಿಯ ಕರಾರುಗಳೂ ಇದ್ದವು. ಸಣ್ಣ ಮೊತ್ತವೊಂದನ್ನು ಒತ್ತೆಯಿಟ್ಟು ಮುಂದಿನ ದಿನಾಂಕದ ಖರೀದಿಯನ್ನು ಕಾಯ್ದಿರಿಸುವುದು. ಬೆಲೆ ಏರಿದರೆ ಕೊಳ್ಳುವುದು, ಇಳಿದರೆ ಒತ್ತೆಯನ್ನು ಬಿಟ್ಟುಕೊಟ್ಟು ಕೈತೊಳೆದುಕೊಳ್ಳುವುದು. ಆ ಒತ್ತೆಯ ಮೊತ್ತ ಎಷ್ಟಿರುವುದು ನ್ಯಾಯ? ದಲ್ಲಾಳಿಗಳು ಅನುಭವದಿಂದ ಒಂದು ಅಂಕಿ ಹೇಳುತ್ತಿದ್ದರು. ಬಾಶೆಲಿಯೆ ಅದಕ್ಕೆ ಗಣಿತದ ಉತ್ತರ ಹುಡುಕಹೊರಟ.

ಆತನ ತರ್ಕ ಸರಳವಾಗಿತ್ತು. ಒಂದು ಕ್ಷಣದಲ್ಲಿ ಒಂದು ಬೆಲೆಗೆ ವ್ಯವಹಾರ ಕುದುರಿತೆಂದರೆ, ಅದು ಏರುವುದೆಂದು ನಂಬಿದವರೂ ಇಳಿಯುವುದೆಂದು ನಂಬಿದವರೂ ಸಮತೂಕದಲ್ಲಿದ್ದಾರೆ ಎಂದರ್ಥ. ಹಾಗಾದರೆ ಸಟ್ಟಾ ವ್ಯಾಪಾರಿಯ ಗಣಿತೀಯ ನಿರೀಕ್ಷೆ ಸೊನ್ನೆ. ಬೆಲೆ ಎತ್ತ ಸಾಗುವುದೆಂದು ಹೇಳಲಾಗದು. ಎಷ್ಟು ದೂರ ಅಲೆಯಬಹುದೆಂದು ಹೇಳಬಹುದು. ಆ ಅಲೆದಾಟದ ಹರವು ಕಾಲದ ವರ್ಗಮೂಲಕ್ಕೆ ತಕ್ಕಂತೆ ಬೆಳೆಯುತ್ತದೆ: ನಾಲ್ಕು ದಿನಗಳ ಹರವು ಒಂದು ದಿನದ ಹರವಿನ ನಾಲ್ಕು ಪಟ್ಟಲ್ಲ, ಎರಡು ಪಟ್ಟು. ಕಾದ ಲೋಹದ ಸರಳಿನಲ್ಲಿ ಶಾಖ ಹರಡುವುದನ್ನು ವಿವರಿಸುವ ಸಮೀಕರಣವೇ ಪೇಟೆಯಲ್ಲಿ ಸಂಭವನೀಯತೆ ಹರಡುವುದನ್ನೂ ವಿವರಿಸುತ್ತದೆ ಎಂದು ಆತ ತೋರಿಸಿದ. ನೀರಿನಲ್ಲಿ ತೇಲುವ ಕಣಗಳ ಗೊತ್ತುಗುರಿಯಿಲ್ಲದ ಚಲನೆಗೆ ಐನ್‌ಸ್ಟೈನ್ ಇದೇ ಬಗೆಯ ಗಣಿತವನ್ನು ಬಳಸಿದ್ದು ಐದು ವರ್ಷಗಳ ನಂತರ, 1905ರಲ್ಲಿ.

ಸಟ್ಟಾ ವ್ಯಾಪಾರದ ಸಿದ್ಧಾಂತವೆಂಬ ಈ ಪ್ರಬಂಧವನ್ನು ಬಾಶೆಲಿಯೆ 1900ರ ಮಾರ್ಚ್ 29ರಂದು ಮೂವರು ಪರೀಕ್ಷಕರ ಮುಂದೆ ಮಂಡಿಸಿದ. ಅವರಲ್ಲೊಬ್ಬ ಯುಗದ ಮಹಾ ಗಣಿತಜ್ಞ ಆನ್ರಿ ಪ್ವಾಂಕರೆ. ಆತನ ವರದಿ ಪ್ರಬಂಧದ ಸ್ವಂತಿಕೆಯನ್ನು ಮೆಚ್ಚಿತು. ವಿಷಯ ಮಾತ್ರ ಅಭ್ಯರ್ಥಿಗಳು ಸಾಮಾನ್ಯವಾಗಿ ಆಯ್ದುಕೊಳ್ಳುವಂಥದ್ದಲ್ಲ ಎಂಬುದನ್ನೂ ಗುರುತಿಸಿತು. ಡಾಕ್ಟರೇಟ್ ಸಿಕ್ಕಿತು. ಆದರೆ ವಿಶ್ವವಿದ್ಯಾಲಯದ ಹುದ್ದೆಗೆ ದಾರಿ ಮಾಡಿಕೊಡುತ್ತಿದ್ದ ಅತ್ಯುನ್ನತ ಶ್ರೇಣಿ ಸಿಗಲಿಲ್ಲ. ಪೇಟೆಯ ಗಣಿತವನ್ನು ಗಣಿತವೆಂದು ಪೂರ್ತಿ ಒಪ್ಪಿಕೊಳ್ಳಲು ಪಂಡಿತರಿಗೆ ಸಂಕೋಚ. ಸಮೀಕರಣಗಳ ಗೊಡವೆ ಪೇಟೆಗೆ ಬೇಕಿರಲಿಲ್ಲ.

ಮುಂದಿನದು ಕಾಯುವಿಕೆಯ ಕತೆ. 1909ರಿಂದ ಸೊರ್ಬಾನ್‌ನಲ್ಲಿ ಆತ ಬಹುಪಾಲು ಸಂಬಳವಿಲ್ಲದೆ ಉಪನ್ಯಾಸ ನೀಡಿದ. 1914ರಲ್ಲಿ ಜನಸಾಮಾನ್ಯರಿಗಾಗಿ ಜೂಜು ಮತ್ತು ಆಕಸ್ಮಿಕಗಳ ಕುರಿತು ಬರೆದ ಪುಸ್ತಕ ಚೆನ್ನಾಗಿ ಮಾರಾಟವಾಯಿತು. ಹುದ್ದೆ ಕಾಯಂ ಆಗುವ ಆಸೆ ಚಿಗುರುವ ಹೊತ್ತಿಗೆ ಮಹಾಯುದ್ಧ ಸಿಡಿಯಿತು. 44ರ ವಯಸ್ಸಿನಲ್ಲಿ ಸಾಮಾನ್ಯ ಸಿಪಾಯಿಯಾಗಿ ಸೇನೆ ಸೇರಿದ ಬಾಶೆಲಿಯೆ ಹೊರಬಂದದ್ದು 1918ರ ಕೊನೆಗೆ. 1920ರಲ್ಲಿ ಮದುವೆಯಾದ, ಪತ್ನಿ ಬಹಳ ದಿನ ಬದುಕಲಿಲ್ಲ. ಬೆಸಾನ್ಸೊನ್, ಡಿಜಾನ್, ರೆನ್ ಎಂದು ಊರಿಂದೂರಿಗೆ, ಬೇರೆಯವರ ಖಾಲಿ ಜಾಗ ತುಂಬುತ್ತ ಅಲೆದ.

1926ರಲ್ಲಿ ಡಿಜಾನ್‌ನ ಕಾಯಂ ಹುದ್ದೆಗೆ ಅರ್ಜಿ ಹಾಕಿದಾಗ ಕೊನೆಯ ಪೆಟ್ಟು ಬಿತ್ತು. ಆತನ 1913ರ ಲೇಖನವೊಂದರಲ್ಲಿ ತಪ್ಪು ಕಂಡಂತಾಗಿ ಅಲ್ಲಿನ ಪ್ರಾಧ್ಯಾಪಕರೊಬ್ಬರು ಪ್ಯಾರಿಸ್‌ನ ಪ್ರಸಿದ್ಧ ಗಣಿತಜ್ಞ ಪಾಲ್ ಲೆವಿಯ ಅಭಿಪ್ರಾಯ ಕೇಳಿದರು. ಬಾಶೆಲಿಯೆಯ ಹಿಂದಿನ ಕೃತಿಗಳನ್ನು ಓದದೆಯೇ ಲೆವಿ ತಪ್ಪು ಹೌದೆಂದ. ಅರ್ಜಿ ತಿರಸ್ಕೃತವಾಯಿತು. 1931ರಲ್ಲಿ ರಷ್ಯದ ಕೊಲ್ಮೊಗೊರೊವ್ ತನ್ನ ಮಹತ್ವದ ಲೇಖನದಲ್ಲಿ ಬಾಶೆಲಿಯೆಯ ಹೆಸರೆತ್ತಿದ ಮೇಲೆ ಲೆವಿ ಮತ್ತೆ ಓದಿ ನೋಡಿದ. ತಪ್ಪು ತನ್ನದೆಂದು ಅರಿತು ಪತ್ರ ಬರೆದು ವಿಷಾದ ತಿಳಿಸಿದ. ಅಷ್ಟರಲ್ಲಿ, 1927ರಲ್ಲೇ, ಬೆಸಾನ್ಸೊನ್ ಬಾಶೆಲಿಯೆಗೆ ಪ್ರಾಧ್ಯಾಪಕ ಪದವಿ ಕೊಟ್ಟಿತ್ತು. ಹತ್ತು ವರ್ಷ ಕಲಿಸಿ ನಿವೃತ್ತನಾದ ಆತ 1946ರ ಏಪ್ರಿಲ್ 28ರಂದು ತೀರಿಕೊಂಡ. ಹಣಕಾಸು ಪೇಟೆಗೆ ಆ ಸಾವಿನ ಸುದ್ದಿ ತಟ್ಟಲಿಲ್ಲ.

1950ರ ದಶಕದ ಮಧ್ಯದಲ್ಲಿ ಅಮೆರಿಕದ ಸಂಖ್ಯಾಶಾಸ್ತ್ರಜ್ಞ ಜಿಮ್ಮಿ ಸ್ಯಾವೇಜ್ ಬಾಶೆಲಿಯೆಯ 1914ರ ಪುಸ್ತಕವನ್ನು ಕಂಡು ಅರ್ಥಶಾಸ್ತ್ರಜ್ಞ ಮಿತ್ರರಿಗೆ ಕಾರ್ಡು ಬರೆದ. ಅದನ್ನು ಓದಿದವರಲ್ಲಿ ಪಾಲ್ ಸ್ಯಾಮುಯೆಲ್‌ಸನ್ ಒಬ್ಬ. ಆತ ಮೂಲ ಪ್ರಬಂಧವನ್ನು ಹುಡುಕಿ ತೆಗೆದ, ಬೆಲೆ ಸೊನ್ನೆಗಿಂತ ಕೆಳಗಿಳಿಯಬಹುದೆಂಬ ಅದರ ದೋಷವನ್ನು ತಿದ್ದಿದ. ಅದೇ ಹಾದಿಯಲ್ಲಿ ಮುಂದುವರಿದು 1973ರಲ್ಲಿ ಫಿಷರ್ ಬ್ಲ್ಯಾಕ್, ಮೈರನ್ ಷೋಲ್ಸ್ ಮತ್ತು ರಾಬರ್ಟ್ ಮರ್ಟನ್ ಆಪ್ಷನ್ ಬೆಲೆಯ ಸೂತ್ರ ಕೊಟ್ಟರು. 1997ರಲ್ಲಿ ಷೋಲ್ಸ್ ಮತ್ತು ಮರ್ಟನ್‌ಗೆ ನೊಬೆಲ್ ಬಂತು. ಬ್ಲ್ಯಾಕ್ 1995ರಲ್ಲೇ ತೀರಿಕೊಂಡಿದ್ದ. ದೋಷವೆಂದು ತಿದ್ದಿದ್ದ ಗುಣವೇ 2020ರ ಏಪ್ರಿಲ್‌ನಲ್ಲಿ ಪೇಟೆಯ ಕೈಹಿಡಿಯಿತು.

ಗಣಿತ ಓದಿದವರನ್ನು ಇಂದು ಹಣಕಾಸು ಸಂಸ್ಥೆಗಳು ಕರೆದು ಕೂರಿಸುತ್ತವೆ. ನ್ಯೂಯಾರ್ಕ್, ಲಂಡನ್ನಿನ ಬ್ಯಾಂಕುಗಳಿಗೆ ಬೇಕಾದ ಲೆಕ್ಕಾಚಾರದಲ್ಲಿ ಒಂದಿಷ್ಟು ಬೆಂಗಳೂರಿನ ಹೊರವರ್ತುಲ ರಸ್ತೆಯ ಕಟ್ಟಡಗಳಲ್ಲೇ ನಡೆಯುತ್ತದೆ. ಬಾಶೆಲಿಯೆ ಪಟ್ಟ ಪಾಡು ಈ ತರುಣರಿಗಿಲ್ಲ, ಆಗಲೂ ಬಾರದು. ಆದರೆ ಆ ಪ್ರಬಂಧದ ತಿರುಳನ್ನು ಅವರೂ ನಾವೂ ಮರೆಯಬಾರದು. ಸಟ್ಟಾ ವ್ಯಾಪಾರಿಯ ನಿರೀಕ್ಷೆ ಸೊನ್ನೆಯಾದರೆ, ದಲ್ಲಾಳಿ ಶುಲ್ಕ, ತೆರಿಗೆ ಕಳೆದ ಮೇಲೆ ಉಳಿಯುವುದು ನಷ್ಟವೇ. 2021-22ರಿಂದ 2023-24ರವರೆಗಿನ ಮೂರು ವರ್ಷಗಳಲ್ಲಿ ನಮ್ಮ ವಾಯಿದೆ ಮತ್ತು ಆಪ್ಷನ್ ಪೇಟೆಗಿಳಿದ ವ್ಯಕ್ತಿಗಳಲ್ಲಿ ನೂರಕ್ಕೆ 93 ಮಂದಿ ಕಳೆದುಕೊಂಡರು, ಒಟ್ಟು ನಷ್ಟ 1.8 ಲಕ್ಷ ಕೋಟಿ ರೂಪಾಯಿ ಮೀರಿತು ಎಂದು ಸೆಬಿಯ 2024ರ ಅಧ್ಯಯನ ಹೇಳುತ್ತದೆ. 2023-24ರಲ್ಲಿ ಲಾಭ ಮಾಡಿದ ವಿದೇಶಿ ಹೂಡಿಕೆದಾರರು ಮತ್ತು ದೊಡ್ಡ ಸಂಸ್ಥೆಗಳ ಗಳಿಕೆಯ ಬಹುಪಾಲು ಬಂದದ್ದು ಕಂಪ್ಯೂಟರ್ ಆಧಾರಿತ ಗಣಿತೀಯ ವ್ಯಾಪಾರದಿಂದ ಎಂಬುದೂ ಅದರಲ್ಲೇ ಇದೆ.

ಅಂದರೆ ಬಾಶೆಲಿಯೆಯ ಗಣಿತ ಕಲಿತವರು ಒಂದು ಕಡೆ, ಅದರ ಹೆಸರೂ ಕೇಳದವರು ಇನ್ನೊಂದು ಕಡೆ ಕುಳಿತು ಆಡುತ್ತಿರುವ ಆಟವಿದು. ಕೊಳ್ಳುವವನಿಗೂ ಮಾರುವವನಿಗೂ ನ್ಯಾಯವೆನಿಸುವ ಬೆಲೆ ಯಾವುದೆಂದು ಕೇಳುತ್ತ ಆತ ತನ್ನ ಗಣಿತವನ್ನು ಆರಂಭಿಸಿದ್ದ. ಆ ವಿದ್ಯೆಯಿಂದಲೇ ಬದುಕು ಕಟ್ಟಿಕೊಳ್ಳುವವರು ಮೇಜಿನ ಆಚೆ ಬದಿಯಲ್ಲಿ ಯಾರು ಕುಳಿತಿದ್ದಾರೆಂದು ಒಮ್ಮೆ ನೋಡಿದರೆ, ಆ ತಬ್ಬಲಿ ಗಣಿತಜ್ಞನ ಋಣ ಸ್ವಲ್ಪವಾದರೂ ಸಂದೀತು.